ಕಾಸರಗೋಡಿನಲ್ಲಿ ಗಾಡಿ ತಾಗಿದರೆ: ಹೊಸಬರಿಗೆ

ಕರ್ನಾಟಕದಿಂದ ಹೊಸದಾಗಿ ಇಲ್ಲಿಗೆ ಬಂದವರಿಗಾಗಿ ಮನೆ ಬಾಡಿಗೆ, ಮಕ್ಕಳ ಶಾಲೆ, ಗ್ಯಾಸ್ ಕನೆಕ್ಷನ್ ಬಗ್ಗೆ ನಮ್ಮ ಸಂಘದ ಬೇರೆಯವರು ಬರೆದಿದ್ದಾರೆ. ಗಾಡಿ ತಾಗಿದರೆ ಏನು ಮಾಡಬೇಕು ಅನ್ನುವ ಈ ಭಾಗ ನನ್ನ ತಲೆಗೆ ಬಂತು. ಯಾಕೆ ಅಂತ ಹಳಬರಿಗೆ ಗೊತ್ತು. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ಒಂದು ಸಣ್ಣ ತಾಗಾಟಕ್ಕೆ 11,000 ರೂಪಾಯಿ ಕೈಯಿಂದ ಕೊಟ್ಟ ಬುದ್ಧಿವಂತ ನಾನೇ. ಈಗಲೂ ಸಂಘದ ಅಂಗಳದಲ್ಲಿ ನಾನು ಕಾರು ಹಿಂದಕ್ಕೆ ತೆಗೆದರೆ ನಾಲ್ಕು ಜನ ಬೇಕಂತಲೇ ದೂರ ಸರಿದು ನಿಲ್ಲುತ್ತಾರೆ.

ಇಲ್ಲಿ ಹೇಳಿರುವುದು ಬಂಪರ್, ಬಾಗಿಲು, ಲೈಟು ಹೋಗುವಂಥ ಸಣ್ಣ ಆಕ್ಸಿಡೆಂಟ್ ಬಗ್ಗೆ. ಯಾರಿಗಾದರೂ ಗಾಯವಾಗಿದ್ದರೆ ದಾರಿಯೇ ಬೇರೆ. 112 ಅಥವಾ 108ಕ್ಕೆ ಫೋನ್ ಮಾಡಿ, ಮೊದಲು ಆಸ್ಪತ್ರೆ. ಆಗ ಅಲ್ಲೇ ಕೈಕುಲುಕಿ ಮುಗಿಸುವ ಮಾತೇ ಬೇಡ. ಸ್ಟೇಷನ್ನಿಗೆ ತಿಳಿಸಲೇಬೇಕು, ಮೋಟಾರು ವಾಹನ ಕಾಯ್ದೆ ಅದಕ್ಕೆ ಕೊಡುವ ಸಮಯ ಹೆಚ್ಚೆಂದರೆ 24 ಗಂಟೆ. ಬೇರೆಯವರ ಆಕ್ಸಿಡೆಂಟ್ ನೋಡಿ ನೀವು ಸಹಾಯಕ್ಕೆ ಇಳಿದರೂ ಹೆದರಬೇಡಿ. 2019ರ ತಿದ್ದುಪಡಿ ಆದ ಮೇಲೆ ಸಹಾಯ ಮಾಡಿದವರನ್ನು ಕೇಸಿಗೆ ಎಳೆಯುವ ಹಾಗಿಲ್ಲ.

ಮೊದಲ ಹತ್ತು ನಿಮಿಷ

ಇಳಿಯಿರಿ. ಕೂಗಾಡಬೇಡಿ. ಗಾಡಿ ಸರಿಸುವ ಮೊದಲು ಫೋಟೋ ತೆಗೆಯಿರಿ.

ಫೋಟೋ ಅಂದರೆ ನಮ್ಮವರು ಗೀರಿನ ಹತ್ತಿರ ಮೊಬೈಲ್ ಹಿಡಿದು ಹತ್ತು ತೆಗೆಯುತ್ತಾರೆ. ಅದು ಗ್ಯಾರೇಜಿನವನಿಗೆ ಸಾಕು. ತಪ್ಪು ಯಾರದು ಅಂತ ತೋರಿಸಲು ದೂರದ ಫೋಟೋ ಬೇಕು. ಎರಡೂ ಗಾಡಿ, ರಸ್ತೆಯ ನಡುಗೆರೆ, ಎರಡೂ ಕಡೆಯ ಅಂಚು, ಒಂದು ಅಂಗಡಿ ಬೋರ್ಡೋ ಕರೆಂಟ್ ಕಂಬವೋ ಸೇರಿದ ಫೋಟೋ. ನಾಲ್ಕು ಮೂಲೆಯಿಂದ ನಾಲ್ಕು. ಎದುರಿನ ಗಾಡಿಯ ನಂಬರ್ ಪ್ಲೇಟು. ಮಳೆಗಾಲದಲ್ಲಿ ಚಕ್ರದ ಗುರುತು ಐದು ನಿಮಿಷಕ್ಕೆ ಕೆಂಪು ನೀರಿನಲ್ಲಿ ತೊಳೆದುಹೋಗುತ್ತದೆ, ಅದನ್ನು ಮೊದಲು ತೆಗೆಯಿರಿ. ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಅವತ್ತೇ ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ.

ಎದುರಿನವರ ಹೆಸರು, ಫೋನ್, ಲೈಸೆನ್ಸ್, ಇನ್ಶೂರೆನ್ಸ್ ಕಂಪನಿ ಬರೆದುಕೊಳ್ಳಿ. ಅವರು ಕೊಡದಿದ್ದರೆ ನಂಬರ್ ಪ್ಲೇಟೇ ಸಾಕು.

ಇನ್ನೊಂದು. ಘಟ್ಟದ ಮೇಲಿನವರಿಗೆ ಒಂದು ಅಭ್ಯಾಸ ಇದೆ. ಕಾಲು ತಾಗಿದರೂ ಸಾರಿ, ಕಾರು ತಾಗಿದರೂ ಸಾರಿ. "ಅಯ್ಯೋ ತಪ್ಪಾಯ್ತು ಸಾರ್" ಅಂದುಬಿಡುತ್ತೇವೆ. ಅದು ಮರ್ಯಾದೆಯ ಮಾತು ಅಂತ ನಮಗೆ ಗೊತ್ತು, ಸುತ್ತ ನಿಂತ ಇಪ್ಪತ್ತು ಜನಕ್ಕೆ ಗೊತ್ತಿಲ್ಲ. "ಪೆಟ್ಟಾಯ್ತಾ?" ಅಂತ ಕೇಳಿ, ನೀರು ಕೊಡಿ, ಅಷ್ಟು ಸಾಕು.

ಯಾರ ತಪ್ಪು?

ಆಟೋ ಸ್ಟ್ಯಾಂಡಿನ ತೀರ್ಮಾನ ಹೀಗಿರುತ್ತದೆ: ದೊಡ್ಡ ಗಾಡಿಯದ್ದೇ ತಪ್ಪು. ಕಾನೂನು ಹಾಗೆ ಹೇಳುವುದಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಮುಖ್ಯವಾದವು ಇಷ್ಟು. ಮುಂದಿನ ಗಾಡಿ ದಿಢೀರ್ ನಿಂತರೂ ತಾಗದಷ್ಟು ಅಂತರ ಬಿಡಬೇಕು, ಆದ್ದರಿಂದ ಹಿಂದಿನಿಂದ ಗುದ್ದಿದವರ ಕಡೆಗೇ ಸಾಮಾನ್ಯವಾಗಿ ಬೆರಳು ತಿರುಗುತ್ತದೆ. ಒಳದಾರಿಯಿಂದ ಬರುವವರು ದೊಡ್ಡ ರಸ್ತೆಯವರಿಗೆ ದಾರಿ ಬಿಡಬೇಕು. ಸರ್ಕಲ್ಲಿನಲ್ಲಿ ಆಗಲೇ ಒಳಗಿರುವವರಿಗೆ ಮೊದಲ ಹಕ್ಕು. ಇಕ್ಕಟ್ಟಾದ ಏರಿನಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಮುಳ್ಳೇರಿಯ ಕಡೆ, ಜಾಲ್ಸೂರು ಕಡೆ ಹೋಗುವವರು ಈ ಕೊನೆಯದನ್ನು ನೆನಪಿಡಿ.

ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಹೊಸ ತಲೆನೋವು ಸರ್ವಿಸ್ ರೋಡು. ಅಂಡರ್‌ಪಾಸ್ ತನಕ ಹೋಗಿ ತಿರುಗಿ ಬರಲು ಉದಾಸೀನವಾಗಿ ಎದುರಿನಿಂದಲೇ ನುಗ್ಗುವವರು ದಿನಾ ಸಿಗುತ್ತಾರೆ. ಅವರದ್ದು ತಪ್ಪೇ. ಆದರೆ ಅದನ್ನು ಆಮೇಲೆ ತೋರಿಸಲು ಮೇಲೆ ಹೇಳಿದ ದೂರದ ಫೋಟೋ ಬೇಕು. ನಿಮ್ಮಲ್ಲೂ ಕೆಲವರು ಹಾಗೆ ನುಗ್ಗುತ್ತೀರಿ, ಸಂಘದ ಕಾರ್ಯಕ್ರಮಕ್ಕೆ ಬರುವಾಗ ನಾನೇ ಕಂಡಿದ್ದೇನೆ.

ತಪ್ಪು ಎಷ್ಟೋ ಸಲ ಒಬ್ಬರದ್ದೇ ಇರುವುದಿಲ್ಲ. ನ್ಯಾಯಾಲಯವೂ ಇವರದ್ದು ಇಷ್ಟು ಪಾಲು, ಅವರದ್ದು ಇಷ್ಟು ಪಾಲು ಅಂತ ಹಂಚುವುದುಂಟು. ನನ್ನ ಕಥೆಯೂ ಅಂಥದ್ದೇ.

ಸ್ಟೇಷನ್, ಮತ್ತು "ಒಪ್ಪ್"

ಬದಿಯಡ್ಕ ರಸ್ತೆಗೆ ಒಂದು ಒಳದಾರಿಯಿಂದ ಬರುತ್ತಿದ್ದೆ. ಎರಡೂ ಕಡೆ ಕೆಂಪುಕಲ್ಲಿನ ಕಂಪೌಂಡು. ಕಾರಿನ ಮೂತಿ ಹೊರಗೆ ಹಾಕದೆ ರಸ್ತೆ ಕಾಣುವುದಿಲ್ಲ. ಎಡಕ್ಕೆ ತಿರುಗಬೇಕಿತ್ತು, ಹಾಗಾಗಿ ಬಲಗಡೆ ಮಾತ್ರ ನೋಡಿ ಮೂತಿ ಹಾಕಿದೆ. ಎಡಗಡೆಯಿಂದ ಬಂದ ಪಿಕಪ್ ಒಂದು ಆಟೋವನ್ನು ಹಿಂದಿಕ್ಕಲು ಗೆರೆ ದಾಟಿ ನನ್ನ ಬದಿಗೆ ಬಂದಿತ್ತು. ಬಂಪರ್ ಕೆರೆದು ಹೋಯಿತು. ನನ್ನದೂ ತಪ್ಪಿತ್ತು, ಅವನದೂ ಇತ್ತು. ಕಾಗದದಲ್ಲಿ ಮಾತ್ರ ಪೂರ್ತಿ ನನ್ನದೇ ಆಯಿತು.

ಸ್ಟೇಷನ್ನಿನಲ್ಲಿ ಯಾರೂ ಒರಟಾಗಿ ಮಾತಾಡಲಿಲ್ಲ. ಕೂರಿಸಿದರು, ಚಹಾ ಕೊಟ್ಟರು. ಮಲಯಾಳದಲ್ಲಿ ಬರೆದ ಒಂದು ಹಾಳೆ ಮುಂದಿಟ್ಟು "ಒಪ್ಪ್" ಅಂದರು. ನನ್ನ ಕನ್ನಡದ ಕಿವಿಗೆ ಅದು "ಒಪ್ಪಿಕೋ" ಅಂತ ಕೇಳಿಸಿತು. "ನಾನು ಒಪ್ಪೋದಿಲ್ಲ" ಅಂತ ಜೋರಾಗಿಯೇ ಹೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಮಲಯಾಳದಲ್ಲಿ ಒಪ್ಪ್ ಅಂದರೆ ಸಹಿ. ಅರ್ಧ ಗಂಟೆ ಆದ ಮೇಲೆ ಹೊರಗಿನಿಂದ ಬಂದ ಯಾರೋ ಇದನ್ನು ಬಿಡಿಸಿ ಹೇಳಿ, ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ನಾಚಿಕೆಯಲ್ಲೇ ಸಹಿ ಹಾಕಿಬಿಟ್ಟೆ. ಓದಿಸಿಕೊಳ್ಳಲಿಲ್ಲ. "ಒತ್ತುತೀರ್ಪ್" ಅನ್ನುತ್ತಿದ್ದರು. ತೀರ್ಪು ಅಂದರೆ ಜಡ್ಜ್ ಕೊಡುವುದಲ್ವಾ, ಅದು ಇವತ್ತೇನೂ ಆಗುವುದಿಲ್ಲ ಅಂದುಕೊಂಡೆ. ಒತ್ತುತೀರ್ಪ್ ಅಂದರೆ ರಾಜಿ. ಅಜಾಗರೂಕತೆಯಿಂದ ನಾನೇ ತಾಗಿಸಿದೆ, ನಷ್ಟ ನಾನೇ ಕೊಡುತ್ತೇನೆ, ನನ್ನ ಕಡೆಯಿಂದ ಪರಾತಿ ಇಲ್ಲ ಅಂತ ಅದರಲ್ಲಿತ್ತು. ಪರಾತಿ ಅಂದರೆ ದೂರು. ಮರುವಾರ ಪಿಕಪ್‌ನವನು 11,000ದ ಬಿಲ್ಲು ಹಿಡಿದು ಮನೆಗೆ ಬಂದ. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಬಂದು ಬಿಲ್ಲು ನೋಡಿ ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆದ್ದರಿಂದ ಹೇಳುತ್ತೇನೆ, ಓದಲು ಬಾರದ ಹಾಳೆಗೆ ಸಹಿ ಹಾಕಬೇಡಿ. ಓದಿ ಹೇಳಲು ಕೇಳಿ. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಓದಿದವರು ಹುಡುಕಿದರೆ ಸಿಗದೆ ಇರುವುದಿಲ್ಲ. ನಿಮ್ಮ ಹೇಳಿಕೆಯನ್ನು ನೀವೇ ಕನ್ನಡದಲ್ಲಿ ಬರೆದುಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಈ ಹಕ್ಕಿಗಾಗಿ 1956ರಿಂದ ಹೋರಾಡಿದವರ ಊರಿದು, ಗೋವಿಂದ ಪೈಗಳ ಮಂಜೇಶ್ವರ ಪಕ್ಕದಲ್ಲೇ ಇದೆ. ಹೊಸಬರು ಬಂದು ಪೊಲೀಸರ ಹತ್ತಿರ ಹರಕು ಮುರುಕು ಹಿಂದಿ ಶುರು ಮಾಡಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಕನ್ನಡದಲ್ಲಿ ಶುರು ಮಾಡಿ. ಆಗದಿದ್ದರೆ ತುಳು, ಅದೂ ಆಗದಿದ್ದರೆ ನಮಗೆ ಫೋನ್ ಮಾಡಿ.

ರಾಜಿ ಮಾಡಲೇಬೇಡಿ ಅಂತಲ್ಲ. ಎರಡು ಗೀರಿಗೆ ಕೋರ್ಟು ಕಚೇರಿ ಯಾರಿಗೆ ಬೇಕು? "ಅವರವರ ರಿಪೇರಿ ಅವರವರು ಮಾಡಿಸಿಕೊಳ್ಳುತ್ತೇವೆ, ಒಬ್ಬರ ಮೇಲೊಬ್ಬರು ದೂರು ಕೊಡುವುದಿಲ್ಲ" ಅಂತ ಎರಡೂ ಕಡೆಯವರು ಸಹಿ ಹಾಕಿದರೆ ಅದು ಒಳ್ಳೆಯ ರಾಜಿ. ಯಾರ ತಪ್ಪು ಅನ್ನುವ ಸಾಲೇ ಬೇಡ.

ಸ್ಟೇಷನ್ನಿನಿಂದ ನಿಮಗೆ ಬೇಕಾದ್ದು ಜಿ.ಡಿ. ಎಂಟ್ರಿ. ಠಾಣೆಯ ಡೈರಿಯಲ್ಲಿ "ಇಂಥ ದಿನ, ಇಂಥ ಜಾಗ, ಹೀಗಾಯಿತು" ಅಂತ ಬರೆಯುವ ದಾಖಲೆ. ಕರ್ನಾಟಕದಲ್ಲಿ ಸಣ್ಣ ಡೆಂಟಿಗೆ ಇದನ್ನು ಯಾರೂ ನನ್ನ ಹತ್ತಿರ ಕೇಳಿರಲಿಲ್ಲ, ಇಲ್ಲಿ ಇನ್ಶೂರೆನ್ಸಿನವರು ಕೇಳುವುದುಂಟು. ಕೇರಳ ಪೊಲೀಸರ ಪೋಲ್ ಆ್ಯಪ್‌ನಲ್ಲಿ, "ತುಣ" ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ತಲಪಾಡಿ ದಾಟಿದ ಮೇಲೆ ತಾಗಿದ್ದರೆ ಮಾತ್ರ ಅದು ಕರ್ನಾಟಕದ ಠಾಣೆ. ಗಡಿ ಕಲ್ಲಿನ ಯಾವ ಬದಿಯಲ್ಲಿ ತಾಗಿತು ಅಂತ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಸುಮ್ನೆ ಎರಡು ಕಡೆ ಓಡಾಟ.

ಇನ್ಶೂರೆನ್ಸ್

ಯಾರೂ ನನಗೆ ಹೇಳದ ಮಾತು ಇದು: ನಿಮ್ಮ ಕಾರಿನ ರಿಪೇರಿಗೆ ನಿಮ್ಮ ಕಂಪನಿ ದುಡ್ಡು ಕೊಡಲು ತಪ್ಪು ನಿಮ್ಮದಾಗಿರಬಾರದು ಅಂತೇನಿಲ್ಲ. ಫುಲ್ ಇನ್ಶೂರೆನ್ಸ್ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಕುಡಿದಿರಬಾರದು. ಬೇಲಿಗೆ ನೀವೇ ಗುದ್ದಿದರೂ ಕೊಡುತ್ತಾರೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಕಾರಿಗೆ ಒಂದು ಪೈಸೆ ಇಲ್ಲ. ಅದೂ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ದಂಡ, ಎರಡನೇ ಸಲಕ್ಕೆ 4,000.

ತಪ್ಪಿನ ಪ್ರಶ್ನೆ ಬರುವುದು ಎದುರಿನವರ ನಷ್ಟಕ್ಕೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಸಾಮಾನ್ಯವಾಗಿ 7.5 ಲಕ್ಷದ ತನಕ ರಕ್ಷಣೆ ಇರುತ್ತದೆ. ಆದರೆ ಅದೇ ಪಾಲಿಸಿಯ ಷರತ್ತುಗಳಲ್ಲಿ ಇನ್ನೊಂದು ಸಾಲಿದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅನ್ನಬಾರದು, ಕೊಡಲೂಬಾರದು. ನಾನು ಮೂರನ್ನೂ ಮಾಡಿದ್ದೆ. ಹಾನಿ ಅಂದಾಜು ಮಾಡಲು ಕಂಪನಿ ಕಳಿಸಿದ ಸರ್ವೇಯರ್ ನನ್ನ ಬಂಪರ್ ನೋಡಿ ಬರೆದುಕೊಂಡ, ಪಿಕಪ್ಪಿನ ಬಿಲ್ಲು ತೋರಿಸಿದಾಗ ಅದನ್ನು ಮಡಚಿ ನನ್ನ ಕೈಗೇ ಕೊಟ್ಟ.

ಫೋನ್ ಅವತ್ತೇ ಮಾಡಿ. ಕ್ಲೇಮ್ ನಂಬರ್ ಬರೆದುಕೊಳ್ಳಿ. ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನವನಿಗೆ ಸ್ಪ್ಯಾನರ್ ಮುಟ್ಟಲು ಬಿಡಬೇಡಿ.

ಆದರೆ ಎಲ್ಲಕ್ಕೂ ಕ್ಲೇಮ್ ಹಾಕುವುದೂ ಜಾಣತನ ಅಲ್ಲ. ಒಂದು ಲೆಕ್ಕ ನೋಡಿ. ಬಂಪರ್ 3,000, ಪೇಂಟಿಂಗ್ 2,500, ಕೂಲಿ 1,000, ಒಟ್ಟು 6,500 ಅಂತಿಟ್ಟುಕೊಳ್ಳಿ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ (ಬಳಸಿ ಹಳೆಯದಾಗಿದ್ದಕ್ಕೆ ಕಂಪನಿ ಕಡಿಯುವ ಪಾಲು), 1,500 ಹೋಯಿತು. ಪೇಂಟಿಂಗಿನಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಲೆಕ್ಕ, ಅದರಲ್ಲಿ ಅರ್ಧ, ಸುಮಾರು 312 ಹೋಯಿತು. 1,500 ಸಿಸಿ ತನಕದ ಕಾರಿಗೆ ಕಡ್ಡಾಯವಾಗಿ ನೀವೇ ಹಾಕಬೇಕಾದ್ದು 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಸಣ್ಣ ಕಾರಾದರೆ ಕೈಗೆ ಬರುವುದು ಸುಮಾರು 3,688. ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ನೋಡಿ. ಅದು 20, 25, 35, 45, 50 ಶೇಕಡಾ ಅಂತ ವರ್ಷದಿಂದ ವರ್ಷಕ್ಕೆ ಏರುತ್ತದೆ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 8,000 ಇದ್ದು, ಮುಂದಿನ ವರ್ಷ 45 ಸಿಗಬೇಕಿತ್ತು ಅಂದರೆ 3,600 ಉಳಿಯುತ್ತಿತ್ತು. ಕ್ಲೇಮ್ ಹಾಕಿದರೆ ಅದು ಸೊನ್ನೆ. ಆಮೇಲೆ ಮತ್ತೆ 20ರಿಂದ ಏಣಿ ಹತ್ತಬೇಕು, ಮುಂದಿನ ವರ್ಷಗಳ ನಷ್ಟ ಬೇರೆ. ಹಾಗಾಗಿ ಇಷ್ಟು ಸಣ್ಣದಕ್ಕೆ ಕೈಯಿಂದಲೇ ಕೊಟ್ಟು ಮುಗಿಸಿ. ಬಂಪರ್ ಟು ಬಂಪರ್ ಅನ್ನುವ ಝೀರೋ ಡೆಪ್ ಇದ್ದರೆ ಸವಕಳಿ ಕಡಿಯುವುದಿಲ್ಲ, ಆದರೂ ಬೋನಸ್ ಹೋಗುತ್ತದೆ. ಬೋನಸ್ ಉಳಿಸುವ ಆಡ್-ಆನ್ ಬೇರೆಯೇ ಇದೆ.

ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ವರ್ಗಾವಣೆಯ ಗಡಿಬಿಡಿಯಲ್ಲಿ ಇದನ್ನು ಮರೆತವರು ನಮ್ಮಲ್ಲಿ ಮೂವರಿದ್ದಾರೆ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿ ಆಗದಿದ್ದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಒಂಬುಡ್ಸ್‌ಮನ್ ಕಚೇರಿ ಕೊಚ್ಚಿಯಲ್ಲಿ ಇದೆ. ಶುಲ್ಕ ಇಲ್ಲ, ವಕೀಲರು ಬೇಡ.

ಕಾಗದಪತ್ರ

ಆರ್‌.ಸಿ.
ಲೈಸೆನ್ಸ್, ಅವತ್ತು ಓಡಿಸಿದವರದ್ದು
ಪಾಲಿಸಿ
ಕ್ಲೇಮ್ ಫಾರ್ಮ್
ಜಿ.ಡಿ. ಎಂಟ್ರಿಯ ಪ್ರತಿ
ಗ್ಯಾರೇಜಿನ ಎಸ್ಟಿಮೇಟ್, ಆಮೇಲೆ ಬಿಲ್ಲು
ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ

ಕೆಎ ನಂಬರ್

ಕರ್ನಾಟಕದ ಪಾಲಿಸಿ ಇಲ್ಲೂ ನಡೆಯುತ್ತದೆ, ಲೈಸೆನ್ಸೂ ನಡೆಯುತ್ತದೆ. ಕೆಎ ಪ್ಲೇಟ್ ನೋಡಿ ಯಾರೂ ಜಗಳಕ್ಕೆ ಬರುವುದಿಲ್ಲ, ಕೆಎ 19 ಇಲ್ಲಿ ಮನೆಮನೆಗೂ ಇದೆ. ಆದರೆ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಹಳೆಯ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿನ ನಂಬರ್ ಹಾಕಿಸಬೇಕು. ಕಾಸರಗೋಡಿಗೆ ಕೆಎಲ್ 14, ಕಾಞಂಗಾಡಿಗೆ ಕೆಎಲ್ 60. ನಂಬರ್ ಬದಲಾದ ದಿನವೇ ಇನ್ಶೂರೆನ್ಸಿನವರಿಗೂ ತಿಳಿಸಿ ಪಾಲಿಸಿಯಲ್ಲಿ ಹೊಸ ನಂಬರ್, ಹೊಸ ವಿಳಾಸ ಬರೆಸಿಕೊಳ್ಳಿ.

ಕಿವಿಗೆ ಬೀಳುವ ಮಾತುಗಳು

ವಂಡಿ: ಗಾಡಿ
ತಟ್ಟಿ: ತಾಗಿತು
ಇಡಿಚ್ಚು: ಗುದ್ದಿತು. ತಟ್ಟಿಗೂ ಇಡಿಚ್ಚುಗೂ ಕಾಗದದಲ್ಲಿ ತುಂಬಾ ವ್ಯತ್ಯಾಸ
ಇಡತ್ತ್, ವಲತ್ತ್: ಎಡ, ಬಲ
ಕುಟ್ಟಂ: ಅಪರಾಧ, ತಪ್ಪು
ಸಾರಮಿಲ್ಲ: ಪರವಾಗಿಲ್ಲ. ಇದನ್ನು ಕೇಳಿದರೆ ಥ್ಯಾಂಕ್ಸ್ ಹೇಳಿ ಗಾಡಿ ಹತ್ತಿ
ಒಪ್ಪ್: ಹೇಳಿದೆನಲ್ಲ