ಚಳಿಗಾಲಕ್ಕೆ ಮುಂಚೆ ಇಟ್ಟಿಗೆ ಗೋಡೆ ಕಡೆ ಒಮ್ಮೆ ನೋಡಿ

ಹಿಮ ಬೀಳುವ ದೇಶಕ್ಕೆ ಬಂದು ಇಟ್ಟಿಗೆ ಮನೆ ತಗೊಂಡಿದ್ದೀರಾ? ಹಾಗಾದರೆ ಎಲೆ ಉದುರುವ ಹೊತ್ತಿಗೆ ಮನೆಯ ಸುತ್ತ ಒಂದು ಸಲ ನಿಧಾನವಾಗಿ ನಡೆದು ಬನ್ನಿ. ಮಳೆ ಬರುವಾಗ ಹೋದರೆ ಇನ್ನೂ ಒಳ್ಳೆಯದು. ನೀರು ಎಲ್ಲಿಂದ ಬಂದು ಗೋಡೆಗೆ ಬೀಳುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಇಟ್ಟಿಗೆ ನೀರು ಹೀರುತ್ತದೆ. ಒಣಗಲು ಸಮಯ ಸಿಕ್ಕರೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ರಾತ್ರಿ ಹೆಪ್ಪುಗಟ್ಟುವುದು, ಹಗಲು ಕರಗುವುದು, ಇದೇ ಚಳಿಗಾಲ ಪೂರ್ತಿ ನಡೆದರೆ ನೆನೆದ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಹಾಗಾಗಿ ಗೋಡೆಗೆ ನೀರು ಬೀಳುವುದನ್ನು ಕಡಿಮೆ ಮಾಡಬೇಕು, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಬಿಡಬೇಕು. ಹೊಸಬರು ಎಡವುವುದು ಈ ಎರಡನೆಯದರಲ್ಲೇ.

ಗೋಡೆಯ ಬುಡದ ಸಾಲಿನಲ್ಲಿ, ಕಿಟಕಿ ಬಾಗಿಲುಗಳ ಮೇಲೆ, ಅಲ್ಲಲ್ಲಿ ಎರಡು ಇಟ್ಟಿಗೆಗಳ ನಡುವೆ ಗಾರೆ ಇಲ್ಲದ ಕಿರಿದಾದ ಸಂದು ಕಾಣುತ್ತದೆ. ಇವೇ ವೀಪ್ ಹೋಲ್‌ಗಳು. ಬೇಕೆಂದೇ ಬಿಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಇಟ್ಟಿಗೆ ಬರೀ ಹೊರಗಿನ ಹೊದಿಕೆ, ಅದರ ಹಿಂದೆ ಟೊಳ್ಳು ಜಾಗ ಇರುತ್ತದೆ. ಅಲ್ಲಿಗೆ ಇಳಿದ ನೀರು ಈ ಸಂದಿನಿಂದಲೇ ಹೊರಗೆ ಹೋಗಬೇಕು. ಥಂಡಿ ಗಾಳಿ ಬರುತ್ತೆ, ಹುಳ ಬರುತ್ತೆ ಅಂತ ದಯವಿಟ್ಟು ಅದಕ್ಕೆ ಸಿಲಿಕೋನ್, ಸಿಮೆಂಟು ತುಂಬಬೇಡಿ. ಹುಳದ ಕಾಟ ಜಾಸ್ತಿಯಿದ್ದರೆ ಗಾಳಿ ನೀರು ಆಡುವಂಥ ಜಾಲರಿ ಸಿಗುತ್ತದೆ, ಅದನ್ನು ಹಾಕಿ. ಹೂವಿನ ಪಾತಿಯ ಮಣ್ಣು ಏರಿ ಸಂದು ಮುಚ್ಚಿದ್ದರೆ ಎಳೆದು ತಗ್ಗಿಸಿ.

ಖರ್ಚಿಲ್ಲದೆ ಹೆಚ್ಚು ಲಾಭ ಕೊಡುವುದು ಗಟರ್, ಅಂದರೆ ಮಾಡಿನ ಅಂಚಿನಲ್ಲಿ ಮಳೆ ನೀರು ಹಿಡಿಯುವ ದೋಣಿ. ಅದರಲ್ಲಿ ತುಂಬಿದ ಎಲೆ ತೆಗೆಯಿರಿ. ಅದರಿಂದ ಕೆಳಗಿಳಿಯುವ ಕೊಳವೆಯ ನೀರು ಗೋಡೆಯಿಂದ ಐದಾರು ಅಡಿ ದೂರ ಬೀಳುವ ಹಾಗೆ ಮಾಡಿ. ಇದೊಂದು ಸರಿಯಾದರೇ ಅರ್ಧ ಚಿಂತೆ ಕಳೆದಂತೆ.

ಆಮೇಲೆ ಗಾರೆ. ಕೀಲಿಕೈಯಿಂದ ಮೆಲ್ಲಗೆ ಗೀರಿ ನೋಡಿ. ಮರಳಿನಂತೆ ಪುಡಿ ಉದುರಿದರೆ ಅಲ್ಲಿ ಹಳೆಯದನ್ನು ಕೆತ್ತಿ ಹೊಸ ಗಾರೆ ತುಂಬಿಸಬೇಕು. ಹಳೇ ಕಾಲದ ಮನೆಯಾದರೆ ಅದು ಸುಣ್ಣದ ಗಾರೆ ಇರಬಹುದು. ಅದರ ಮೇಲೆ ಗಟ್ಟಿ ಸಿಮೆಂಟು ಮೆತ್ತಿದರೆ ಒತ್ತಡವೆಲ್ಲ ಇಟ್ಟಿಗೆಗೆ ಬಿದ್ದು ಇಟ್ಟಿಗೆಯೇ ಒಡೆಯುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಕೆಲಸದವರನ್ನು ಕರೆದಾಗ ಇದನ್ನು ಕೇಳಲು ಸಂಕೋಚ ಬೇಡ. ರಾತ್ರಿಯ ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮುಂಚೆಯೇ ಈ ಕೆಲಸ ಮುಗಿಸಿ. ಗಾರೆ ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟಿದರೆ ಮಾಡಿದ್ದೆಲ್ಲ ದಂಡ.

ಗೋಡೆ ಮೇಲೆ ಬಿಳಿ ಪುಡಿ ಕಂಡರೆ ಗಾಬರಿಯಾಗಬೇಡಿ, ಅದು ನೀರಿನ ಜೊತೆ ಹೊರಬಂದ ಉಪ್ಪು. ಒಣ ಬ್ರಷ್‌ನಿಂದ ಉಜ್ಜಿ. ಮತ್ತೆ ಮತ್ತೆ ಅದೇ ಜಾಗದಲ್ಲಿ ಬಂದರೆ ಮಾತ್ರ ನೀರಿನ ಮೂಲ ಹುಡುಕಿ. ರಭಸದಿಂದ ನೀರು ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಹಿಡಿಯಲೇಬೇಡಿ, ಅದು ನೀರನ್ನು ಒಳಕ್ಕೇ ನುಗ್ಗಿಸುತ್ತದೆ.

ಇನ್ನು ಸೀಲರ್, ಅಂದರೆ ನೀರು ಇಳಿಯದಂತೆ ಗೋಡೆಗೆ ಬಳಿಯುವ ದ್ರವ. ಒಳ್ಳೆಯ ಗೋಡೆಗೆ ಸುಮ್ನೆ ಬಳಿಯುವ ಅಗತ್ಯವಿಲ್ಲ. ಮಳೆ ನೇರ ಹೊಡೆಯುವ ಗೋಡೆಗೆ ಬೇಕೆನಿಸಿದರೆ ಸಿಲೇನ್ ಅಥವಾ ಸಿಲೋಕ್ಸೇನ್ ಎಂಬ ರಾಸಾಯನಿಕ ಇರುವುದನ್ನು ಕೇಳಿ ತಗೊಳ್ಳಿ, ಅದು ಒಳಗಿನ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಫಳಫಳ ಹೊಳೆಯುವ ಪದರ ಕಟ್ಟುವಂಥದ್ದು ಬೇಡ. ರಿಪೇರಿ ಎಲ್ಲ ಮುಗಿದು, ಗೋಡೆ ಚೆನ್ನಾಗಿ ಒಣಗಿದ ಮೇಲೆಯೇ ಹಚ್ಚಿ.