ಕಂಪ್ಯೂಟರಿಗೆ ಯಾವ ಕೂಲರ್? ಕಲಬುರಗಿ ಬಿಸಿಲಿನ ಲೆಕ್ಕ

ಕಲಬುರಗಿಯಲ್ಲಿ ಕೂಲರ್ ಅಂದರೆ ಕಿಟಕಿಗೆ ಇಟ್ಟ ದೊಡ್ಡ ಡಬ್ಬ. ನೀರು ಹಾಕಿದರೆ ತಂಪು ಗಾಳಿ. ಹಾಗಾಗಿ ಕಂಪ್ಯೂಟರಿನೊಳಗೆ ಬಿಸಿಯಾಗುವ ಮುಖ್ಯ ಚಿಪ್ಪಾದ ಪ್ರೊಸೆಸರಿಗೂ ನೀರಿನ, ಅಂದರೆ ಲಿಕ್ವಿಡ್ ಕೂಲರೇ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಎಡವುವುದು. ಕಿಟಕಿಯ ಕೂಲರ್‌ನಲ್ಲಿ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ. ಲಿಕ್ವಿಡ್ ಕೂಲರ್‌ನಲ್ಲಿ ದ್ರವ ಮುಚ್ಚಿದ ಪೈಪಿನಲ್ಲೇ ಸುತ್ತುತ್ತದೆ. ಪಂಪು ಅದನ್ನು ರೇಡಿಯೇಟರಿಗೆ ತಳ್ಳುತ್ತದೆ, ಫ್ಯಾನು ಆ ಬಿಸಿಯನ್ನು ಗಾಳಿಗೆ ಬಿಡುತ್ತದೆ. ತಮಾಷೆಯೆಂದರೆ, ಆವಿಯಾಗುವ ನೀರು ಇರುವುದು ಪ್ರೊಸೆಸರಿನ ಮೇಲೆ ಕೂರುವ, ಲೋಹದ ರೆಕ್ಕೆ ಮತ್ತು ಫ್ಯಾನಿನ ಏರ್ ಕೂಲರ್‌ನ ಬಿಸಿ ಸಾಗಿಸುವ ತಾಮ್ರದ ಹೀಟ್ ಪೈಪಿನೊಳಗೆ! ಆದರೆ ಕೋಣೆ 40 ಡಿಗ್ರಿ ಇದ್ದರೆ ಎರಡೂ ಪ್ರೊಸೆಸರನ್ನು ಅದಕ್ಕಿಂತ ಕೆಳಗಿಳಿಸಲಾರವು.

ಆದ್ದರಿಂದ ಮೊದಲು ಕೋಣೆಯ ಲೆಕ್ಕ. ಏಸಿ ಹಾಕಿ 25 ಡಿಗ್ರಿ ಇದ್ದಾಗ ಪ್ರೊಸೆಸರ್ 70 ಮುಟ್ಟಿದರೆ, ಮೇ ತಿಂಗಳ 40 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ ಸುಮಾರು 85. ಯೂಟ್ಯೂಬ್ ರಿವ್ಯೂ ನೋಡುವಾಗ ಈ 15 ಕೂಡಿಸಿಕೊಳ್ಳಿ.

ಆಮೇಲೆ ಪ್ರೊಸೆಸರಿನ ವ್ಯಾಟ್ ನೋಡಿ. ರೈಜನ್ 5 5600 ಬರೀ 65 ವ್ಯಾಟಿನದು. ಸಾಧಾರಣ ಟವರ್ ಏರ್ ಕೂಲರ್ ಧಾರಾಳ ಸಾಕು. ಕೋರ್ ಐ9-14900ಕೆ ಪೂರ್ತಿ ದುಡಿದರೆ 253 ವ್ಯಾಟ್ ಎಳೆಯುತ್ತದೆ. ಅದರಲ್ಲಿ ದಿನವಿಡೀ ವಿಡಿಯೋ ರೆಂಡರ್ ಮಾಡುವವರು 360 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ ತಗೊಳ್ಳಲಿ. ಉಳಿದವರಿಗೆ ನನ್ನ ಓಟು ಏರ್ ಕೂಲರಿಗೇ. ಫ್ಯಾನು ಹೋದರೆ ಫ್ಯಾನು ಬದಲಿಸಿದರಾಯಿತು. ಪಂಪು ಹೋದರೆ ಸಾಮಾನ್ಯವಾಗಿ ಇಡೀ ಕೂಲರೇ ಹೋದಂತೆ.

ಕೊಳ್ಳುವ ಮುಂಚೆ ಕ್ಯಾಬಿನೆಟ್ ಅಳೆಯಿರಿ. ದೊಡ್ಡ ಟವರ್ ಕೂಲರ್‌ಗಳು 155ರಿಂದ 165 ಮಿ.ಮೀ. ಎತ್ತರ ಇರುತ್ತವೆ. ಪಕ್ಕದ ಬಾಗಿಲು ಮುಚ್ಚದಿದ್ದರೆ ದುಡ್ಡು ದಂಡ.

ಕೂರಿಸುವಾಗ ತಳದ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ. ನಗಬೇಡಿ, ಬಹಳ ಜನ ಮರೆಯುತ್ತಾರೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟು ನಮ್ಮ ತೊಗರಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಎದುರು ಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ. ಲಿಕ್ವಿಡ್ ಆದರೆ ರೇಡಿಯೇಟರ್ ಮೇಲಿರಲಿ. ಒಳಗಿನ ಗಾಳಿಗುಳ್ಳೆ ಆಗ ಪಂಪಿನಲ್ಲಿ ಸೇರಿಕೊಳ್ಳುವುದಿಲ್ಲ.

ಇನ್ನು ಧೂಳು. ಕ್ಯಾಬಿನೆಟ್ಟನ್ನು ನೆಲದ ಪರ್ಸಿ ಮೇಲೆ ಇಡಬೇಡಿ, ಗುಡಿಸಿದ್ದೆಲ್ಲ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ಜಾಡಿಸಿ. ಕಿಟಕಿಯ ಕೂಲರ್ ಕೋಣೆಯನ್ನು ತಂಪು ಮಾಡಲಿ, ಅದರ ಗಾಳಿ ಮಾತ್ರ ನೇರ ಕಂಪ್ಯೂಟರಿಗೆ ಬಡಿಯದಿರಲಿ. ಒದ್ದೆ ಗಾಳಿಗೆ ಧೂಳು ಕೂಲರಿನ ರೆಕ್ಕೆಗಳಿಗೆ ಕೆಸರಿನ ಹಾಗೆ ಮೆತ್ತಿಕೊಳ್ಳುತ್ತದೆ.