ಮೊದಲ ಪೆಟ್ರೋಲ್ ಹೆಲಿಕಾಪ್ಟರ್‌ಗೆ ಬಿಡಿಭಾಗ ಆರಿಸಿದ ಬಗೆ: ನನ್ನ ಅನುಭವ

ಪೆಟ್ರೋಲ್ ಎಂಜಿನ್ನಿನ ಆರ್‌ಸಿ (ರೇಡಿಯೋದಿಂದ ನಿಯಂತ್ರಿಸುವ) ಮಾದರಿ ಹೆಲಿಕಾಪ್ಟರ್ ಕಟ್ಟುತ್ತೇನೆ ಎಂದಾಗ ನಮ್ಮ ಹಾರಾಟದ ಬಳಗದಲ್ಲಿ ಒಬ್ಬರೂ ಸರಿ ಎನ್ನಲಿಲ್ಲ. ಆ ಕಂಪನಕ್ಕೆ, ಯಂತ್ರವನ್ನು ಸಮತೋಲನದಲ್ಲಿಡುವ ಫ್ಲೈಬಾರ್‌ಲೆಸ್ ಜೈರೋ ತಲೆಕೆಡುತ್ತದೆ ಎಂದು ಎಲೆಕ್ಟ್ರಿಕ್ ಹಾರಿಸುವವರು ಹೇಳಿದರೆ, ಅಷ್ಟು ಭಾರದ ಎಂಜಿನ್ ಹೊತ್ತು ಅದು ಎದ್ದರೂ ಎತ್ತಿನಗಾಡಿಯ ಹಾಗೆ ಹಾರೀತು ಎಂದು ನೈಟ್ರೋದವರು (ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ ಹಾರಿಸುವವರು) ನಕ್ಕರು. ಈಗ ಅದೇ ಯಂತ್ರ ಒಂದು ಟ್ಯಾಂಕಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾರುತ್ತಿದೆ, ಲೂಪ್ ಮತ್ತು ರೋಲ್‌ಗಳನ್ನು ಅಳುಕಿಲ್ಲದೆ ಮಾಡುತ್ತಿದೆ, ಮತ್ತು ಅಂದು ನಕ್ಕವರಲ್ಲಿ ಇಬ್ಬರು ನನ್ನಿಂದ ಭಾಗಗಳ ಪಟ್ಟಿಯನ್ನು ಬರೆಸಿಕೊಂಡು ಹೋಗಿದ್ದಾರೆ. ಪಿಚ್ ಕರ್ವ್, ಸ್ವಾಶ್ ಪ್ಲೇಟ್ ಸಮ ಮಾಡುವುದು ಮೊದಲಾದವು ಓದುಗರಿಗೆ ತಿಳಿದೇ ಇರುವುದರಿಂದ ಅವುಗಳ ಗೊಡವೆಗೆ ಹೋಗದೆ, ಯಾವ ಭಾಗವನ್ನು ಏಕೆ ಆರಿಸಿದೆ, ಯಾವುದು ಕೈಕೊಟ್ಟಿತು, ಹಣ ಎಲ್ಲಿ ಹೋಯಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಶಕ್ತಿಗಾಗಿ ಹೆಚ್ಚು ಖರ್ಚು ಮಾಡದೆ, ಕಂಪನ ಮತ್ತು ಶಾಖವನ್ನು ತಡೆಯುವ ಭಾಗಗಳಿಗೆ ಕೈಬಿಚ್ಚಿ ಖರ್ಚು ಮಾಡಿದ್ದೇ ನನ್ನ ಆಯ್ಕೆಯ ಸೂತ್ರ.

ಎಂಜಿನ್ ವಿಷಯದಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು ಓ.ಎಸ್. ಕಂಪನಿಯ ಜಿಟಿ15 ಎಚ್‌ಜೆಡ್. ಸುಮಾರು 15 ಸಿಸಿಯ ಈ ಎಂಜಿನ್ 90 ಗಾತ್ರದ (15 ಸಿಸಿ ವರ್ಗದ) ನೈಟ್ರೋ ಚೌಕಟ್ಟಿನಲ್ಲೇ ಕೂರುತ್ತದೆ, ಹಗುರವಾಗಿದೆ, ಆದರೆ ಅದರ ಇಗ್ನಿಷನ್‌ಗೆ ಪ್ರತ್ಯೇಕ ಬ್ಯಾಟರಿ ಬೇಕು. ಎರಡನೆಯದು ಜಪಾನಿನ ಜೆನೋವಾ ಜಿ231 ಪಿಯುಎಚ್, 32 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 28 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಟ), 22.5 ಸಿಸಿ, ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಇಗ್ನಿಷನ್, ಎಳೆದು ಚಾಲೂ ಮಾಡುವ ಹಗ್ಗ. ನಾನು ಜೆನೋವಾವನ್ನೇ ಹಿಡಿದೆ. ಇದರ ಮೂಲ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಆಗಿರುವುದೇ ಅದಕ್ಕೆ ಕಾರಣ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಅಡಿಕೆ ತೋಟ ಇರುವ ಮನೆಗಳಲ್ಲೆಲ್ಲ ಇಂದು ವೀಡ್ ಕಟರ್ ಇದೆ. ಅದರ ವಾಲ್ಬ್ರೋ ಮಾದರಿಯ ಡಯಾಫ್ರಮ್ ಕಾರ್ಬ್ಯುರೇಟರನ್ನು (ತೆಳು ಪೊರೆಯ ಬಲದಿಂದ ಪೆಟ್ರೋಲ್ ಎಳೆದು ಗಾಳಿಗೆ ಬೆರೆಸುವ ಭಾಗ) ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ಪ್ರತಿ ಪೇಟೆಯಲ್ಲೂ ಇದ್ದಾರೆ. ತೀರ್ಥಹಳ್ಳಿಯಲ್ಲಿ ಅಂಥ ಒಬ್ಬರ ಮುಂದೆ ಎಂಜಿನ್ ಇಟ್ಟಾಗ ಅವರು ಫ್ಯಾನನ್ನೊಮ್ಮೆ ತಿರುಗಿಸಿ ನೋಡಿ, “ಇದು ನಮ್ಮ ಕಟರ್ ಜಾತಿಯದ್ದೇ ಅಲ್ವಾ ಸಾರ್, ಹಾರ್‍ಸೋದಕ್ಕೆ ಯಾಕೆ ತಂದ್ರಿ?” ಎಂದರು. ಮುಂದೆ ನನ್ನ ಕಾರ್ಬ್ಯುರೇಟರಿನ ತೊಂದರೆಗಳೆಲ್ಲ ಅವರ ಅಂಗಡಿಯಲ್ಲೇ ಬಗೆಹರಿದವು. ಮಳೆಗಾಲದಲ್ಲಿ ಮಾತ್ರ ಕಟರ್‌ಗಳೂ ಔಷಧಿ ಹೊಡೆಯುವ ಪಂಪುಗಳೂ ಅಂಗಡಿಯ ಮುಂದೆ ಸಾಲುಗಟ್ಟುವುದರಿಂದ ನಮ್ಮಂಥವರ ಸರದಿ ಬರುವುದು ತಡವಾಗುತ್ತದೆ.

ಹಾಗಾದರೆ ಕಟರ್‌ನ ಎಂಜಿನ್ನನ್ನೇ ಏಕೆ ಹಾಕಬಾರದು ಎಂದು ಕೇಳುವವರಿದ್ದಾರೆ, ಅದನ್ನೂ ನೋಡಿದ್ದೇನೆ. 1ಇ34ಎಫ್ ಎಂಬ ಗುರುತಿನ, 34 ಮಿ.ಮೀ. ಬೋರ್‌ನ ಚೀನೀ ಎಂಜಿನ್ ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಂದು ಲೇತ್ ಅಂಗಡಿಯಲ್ಲಿ ಫ್ಯಾನ್ ಹಬ್ (ಫ್ಯಾನನ್ನು ಕ್ರ್ಯಾಂಕಿಗೆ ಕಟ್ಟುವ ಭಾಗ) ಕಡೆಸಿ, ಹಲಗೆಗೆ ಬೋಲ್ಟ್ ಮಾಡಿ ಓಡಿಸಿದಾಗ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಹತ್ತಿರ ಹಲಗೆಯೇ ಮೇಜಿನ ಮೇಲೆ ನಡೆಯತೊಡಗಿತು. ಕ್ರ್ಯಾಂಕಿನ ತುದಿಯಲ್ಲೇ ಓರೆ ಇತ್ತು. ಹಬ್ ಎಷ್ಟು ನೇರವಿದ್ದರೂ ಪ್ರಯೋಜನವಿರಲಿಲ್ಲ. ಲೇತಿನ ಕೂಲಿ ಸೇರಿ ಏಳೆಂಟು ಸಾವಿರ ಹೋದರೂ ಆ ಎಂಜಿನ್ ವ್ಯರ್ಥವಾಗಲಿಲ್ಲ, ಕಾರ್ಬ್ಯುರೇಟರ್ ಪರೀಕ್ಷೆಗೆ ಇಂದಿಗೂ ಅದನ್ನೇ ಬಳಸುತ್ತೇನೆ. ಹೋಂಡಾ ಜಿಎಕ್ಸ್35 ಎಂಬ ಫೋರ್‌ಸ್ಟ್ರೋಕ್ ಕಟರ್ ಎಂಜಿನ್ನಿನ ಸಲಹೆಯೂ ಬಂದಿತ್ತು. ಅದೊಂದೇ ಮೂರು ಕಿಲೋಗೂ ಮೀರಿ ತೂಗುವುದರಿಂದ ಆ ಮಾತು ಅಲ್ಲಿಗೇ ನಿಂತಿತು.

ಚೌಕಟ್ಟನ್ನು ಆರಿಸುವಾಗ ಗೇರ್ ಅನುಪಾತವೇ (ರೋಟರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತುತ್ತದೆ ಎಂಬುದು) ಮುಖ್ಯ. 90 ಗಾತ್ರದ ನೈಟ್ರೋ ಯಂತ್ರಗಳ ಅನುಪಾತ ಎಂಟೂವರೆಗೆ ಒಂದರ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ಆ ಎಂಜಿನ್‌ಗಳು ಹದಿನೈದು ಸಾವಿರಕ್ಕೂ ಹೆಚ್ಚು ಸುತ್ತುತ್ತವೆ. ಜೆನೋವಾ ನೆಮ್ಮದಿಯಿಂದ ದುಡಿಯುವುದು ಹನ್ನೊಂದರಿಂದ ಹನ್ನೆರಡು ಸಾವಿರದ ನಡುವೆ. ಅದನ್ನು ನೈಟ್ರೋ ಗೇರಿಗೆ ಕಟ್ಟಿದರೆ ಹೆಡ್ ಸ್ಪೀಡ್ (ರೋಟರ್ ನಿಮಿಷಕ್ಕೆ ಸುತ್ತುವ ಸುತ್ತು) 1350ರ ಹತ್ತಿರ ನಿಲ್ಲುತ್ತದೆ, ಗಾಳಿ ಬೀಸಿದರೆ ಯಂತ್ರ ತೇಲಾಡುತ್ತದೆ. ಆರೂವರೆಗೆ ಒಂದರ ಸುತ್ತಿನ ಗೇರ್ ಇದ್ದರೆ 1700ರವರೆಗೆ ಸಲೀಸಾಗಿ ಸಿಗುತ್ತದೆ. ಆದ್ದರಿಂದ ನೈಟ್ರೋ ಚೌಕಟ್ಟನ್ನು ಮಾರ್ಪಡಿಸುವ ಯೋಚನೆ ಬಿಟ್ಟು ಮೊದಲಿನಿಂದಲೂ ಪೆಟ್ರೋಲಿಗೆಂದೇ ರಚಿಸಿದ ಮೆಕ್ಯಾನಿಕ್ಸ್ (ಚೌಕಟ್ಟು ಮತ್ತು ಗೇರುಗಳ ಜೋಡಣೆ) ಹುಡುಕಿದೆ. ಬರ್ಗನ್, ಸೆಂಚುರಿ, ಮಿನಿಯೇಚರ್ ಏರ್‌ಕ್ರಾಫ್ಟ್, ಜರ್ಮನಿಯ ವೇರಿಯೋ ಇವರೆಲ್ಲ ಅಂಥವನ್ನು ಮಾಡಿದವರೇ. ಆದರೆ 2022ರ ಫೆಬ್ರುವರಿಯಲ್ಲಿ ಡ್ರೋನ್‌ಗಳನ್ನು ಇಡಿಯಾಗಿಯೂ ಬಿಚ್ಚಿದ ಕಿಟ್ ರೂಪದಲ್ಲಿಯೂ ಆಮದು ಮಾಡಿಕೊಳ್ಳುವುದಕ್ಕೆ ನಿಷೇಧ ಬಂದ ಮೇಲೆ, ಬಿಡಿಭಾಗಗಳಿಗೆ ಅಡ್ಡಿ ಇಲ್ಲದಿದ್ದರೂ, ಹೊಸ ಕಿಟ್ ತರಿಸಿ ಕಸ್ಟಮ್ಸಿನಲ್ಲಿ ವಾದಿಸುವ ಉಸಾಬರಿ ನನಗೆ ಬೇಡವಾಗಿತ್ತು. ಬೆಂಗಳೂರಿನಲ್ಲಿ ಹವ್ಯಾಸ ಬಿಟ್ಟವರೊಬ್ಬರ ಅಟ್ಟದ ಮೇಲಿದ್ದ, ಎಂಜಿನ್ ಇಲ್ಲದ ಹಳೆಯ ಮೆಕ್ಯಾನಿಕ್ಸ್ ನಲವತ್ತೈದು ಸಾವಿರಕ್ಕೆ ಸಿಕ್ಕಿತು. ಅಡ್ಡ ಸಮತೋಲನ ಕಡ್ಡಿಯಿರುವ ಫ್ಲೈಬಾರ್ ಹೆಡ್ ತೆಗೆದು, ಅದಿಲ್ಲದ ಫ್ಲೈಬಾರ್‌ಲೆಸ್ ಹೆಡ್ ಕೂರಿಸಿ, ಬೇರಿಂಗ್‌ಗಳನ್ನೆಲ್ಲ ಬದಲಿಸಿದಾಗ ಇನ್ನೊಂದು ಹದಿನೆಂಟು ಸಾವಿರ ಸೇರಿತು. ಬೇರಿಂಗ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತಲೇ ದೊರೆತವು. ಅಳತೆಯೊಂದೇ ಅಲ್ಲದೆ ಅವು ತಾಳುವ ಸುತ್ತನ್ನೂ ಕೇಳಿ ಕೊಳ್ಳುವುದು ಒಳ್ಳೆಯದು.

ಎಂಜಿನ್ ಕೂರಿಸುವ ಮುಂಚೆ ಮಾಡಿದ ಒಂದು ಕೆಲಸವೇ ಇಡೀ ಯಂತ್ರವನ್ನು ಉಳಿಸಿತೆಂದು ನನ್ನ ನಂಬಿಕೆ. ಫ್ಯಾನ್ ಮತ್ತು ಕ್ಲಚ್‌ಗಳು ಕ್ರ್ಯಾಂಕಿನ ಅಕ್ಷಕ್ಕೆ ನೇರವಾಗಿವೆಯೇ ಎಂಬುದನ್ನು, ಕಣ್ಣಿಗೆ ಕಾಣದ ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನಿಂದ ನೋಡುವುದು ಆ ಕೆಲಸ. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿರುವ ಮಿತ್ರರಿಂದ ಗೇಜನ್ನು ಎರವಲು ತಂದೆ. ಪ್ಲಗ್ ಬಿಚ್ಚಿ, ದಪ್ಪ ಉಕ್ಕಿನ ತಟ್ಟೆಯ ಮೇಲೆ ಎಂಜಿನ್ನನ್ನು ಬಿಗಿದು, ಗೇಜಿನ ಮೊನೆಯನ್ನು ಹಬ್‌ನ ಕತ್ತಿನ ಮೇಲೆ ಇಟ್ಟು ಬೆರಳಿನಿಂದ ಫ್ಯಾನ್ ತಿರುಗಿಸಿದರೆ ಮುಳ್ಳು ಕಾಲು ಮಿಲಿಮೀಟರಿನಷ್ಟು ಆಡುತ್ತಿತ್ತು. ಕಣ್ಣಿಗೆ ಏನೂ ಕಾಣದು. ಎತ್ತರದ ಬಿಂದುವಿಗೆ ಮಾರ್ಕರಿನ ಗುರುತು ಹಾಕಿ, ಬೋಲ್ಟುಗಳನ್ನು ಅರೆಬಿಗಿ ಮಾಡಿ, ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿದು, ಮತ್ತೆ ತಿರುಗಿಸಿ ನೋಡಬೇಕು. ಬಿಗಿಯುವಾಗಲೇ ಅದು ಮತ್ತೆ ಸರಿಯುವುದರಿಂದ ತಾಳ್ಮೆ ಬೇಕು. 0.03 ಮಿ.ಮೀ.ಗೆ ಇಳಿದ ಮೇಲೆ ನಾನು ಕೈ ತೆಗೆದೆ. ಬೋಲ್ಟುಗಳನ್ನು ಬಿಗಿಯುವ ಕ್ರಮದಲ್ಲಿ ಒಂದು ಸಣ್ಣ ಉಪಾಯವಿದೆ. ಅದನ್ನು ಬರೆದು ತಿಳಿಸುವುದು ಕಷ್ಟ, ಮೈದಾನಕ್ಕೆ ಬಂದವರಿಗೆ ಕೈಯಲ್ಲಿ ಮಾಡಿ ತೋರಿಸುತ್ತೇನೆ. ಕಂಪನವೆಂದು ಪೆಟ್ರೋಲ್ ಹೆಲಿಕಾಪ್ಟರನ್ನು ಮಾರಿದವರಲ್ಲಿ ಹೆಚ್ಚಿನವರು ಈ ಗೇಜನ್ನು ಹಿಡಿದು ನೋಡಿಯೇ ಇರಲಾರರು.

ಜೈರೋ ಮತ್ತು ಗವರ್ನರ್ (ರೋಟರಿನ ಸುತ್ತನ್ನು ಒಂದೇ ಮಟ್ಟದಲ್ಲಿಡುವ ಸಾಧನ) ಎರಡೂ ಒಂದರಲ್ಲೇ ಇರುವ ಫುಟಾಬಾ ಸಿಜಿವೈ750 ಅನ್ನು ಬಳಸಿದ ಸ್ಥಿತಿಯಲ್ಲಿ ಕೊಂಡೆ. ತೆಳುವಾದ ಗಟ್ಟಿ ಟೇಪಿನ ಮೇಲೆ ಕೂರಿಸಿದಾಗ ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೆಡೆ ನಿಂತಾಗ) ಟೇಲ್, ಅಂದರೆ ಬಾಲ, ಎಡಬಲಕ್ಕೆ ಮಿಡಿಯುತ್ತಿತ್ತು. ಗೇನ್ (ಜೈರೋ ತಿದ್ದುವ ಬಿರುಸು) ಇಳಿಸಿದರೆ ಮಿಡಿತ ನಿಂತು ಟೇಲ್ ಸಡಿಲವಾಗುತ್ತಿತ್ತು. ಎರಡು ಪದರ ಮೃದು ಫೋಮ್ ಟೇಪಿನ ನಡುವೆ ತೆಳುವಾದ ಉಕ್ಕಿನ ತಗಡಿಟ್ಟು ಕೂರಿಸಿ, ಅದರ ತಂತಿಗಳನ್ನು ಚೌಕಟ್ಟಿಗೆ ಬಿಗಿಯದೆ ಸಡಿಲ ಬಿಟ್ಟಾಗ ಗೇನನ್ನು ಮೊದಲಿನ ಮಟ್ಟಕ್ಕೆ ಏರಿಸಲು ಸಾಧ್ಯವಾಯಿತು. ಗವರ್ನರ್ ಮಾತ್ರ ಬಹಳ ಕಾಡಿತು. ಮ್ಯಾಗ್ನೆಟೋ ಎಂಜಿನ್ನಿನ ಫ್ಲೈವೀಲ್‌ನಲ್ಲಿ ಮೊದಲೇ ಅಯಸ್ಕಾಂತಗಳಿರುವುದರಿಂದ ಸೆನ್ಸರ್ ಅದರ ಬಳಿ ಇದ್ದರೆ ಒಂದು ಸುತ್ತನ್ನು ಎರಡೆಂದು ಎಣಿಸುತ್ತದೆ, ಗವರ್ನರ್ ಥ್ರಾಟಲನ್ನು ಮುಚ್ಚುತ್ತದೆ, ಯಂತ್ರ ಗಾಳಿಯಲ್ಲೇ ಸೊರಗುತ್ತದೆ. ನನ್ನ ಸೆನ್ಸರ್ ಈಗ ಎಲ್ಲಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಫ್ಲೈವೀಲ್‌ನಿಂದ ದೂರವಿದೆ ಎಂದಷ್ಟು ತಿಳಿದರೆ ಅನುಭವಿಗಳು ಊಹಿಸಬಲ್ಲರು. ಅದು ಸರಿಹೋದ ಮೇಲೆ 1650ಕ್ಕೆ ಇಟ್ಟ ಹೆಡ್ ಸ್ಪೀಡ್ ಏರಿಳಿತದಲ್ಲೂ ಇಪ್ಪತ್ತು ಮೂವತ್ತು ಸುತ್ತಿಗಿಂತ ಹೆಚ್ಚು ಕದಲಿಲ್ಲ.

ಸರ್ವೋಗಳಲ್ಲಿ (ರೇಡಿಯೋ ಆಜ್ಞೆಯಂತೆ ಕಡ್ಡಿಗಳನ್ನು ಆಡಿಸುವ ಪುಟ್ಟ ಮೋಟಾರು ಪೆಟ್ಟಿಗೆಗಳು) ರೋಟರನ್ನು ವಾಲಿಸುವ ಸೈಕ್ಲಿಕ್ ಮೂರಕ್ಕೂ ಟೇಲ್‌ಗೂ ಮಧ್ಯಮ ದರದ ಲೋಹದ ಗೇರಿನ ಬ್ರಷ್‌ಲೆಸ್ ಸಾಕು. ಉಳಿತಾಯ ಮಾಡಬಾರದ ಜಾಗ ಥ್ರಾಟಲ್. ಅಲ್ಲಿ ಹಾಕಿದ್ದ ಅಗ್ಗದ ಸರ್ವೋ ಕೆಲವೇ ಟ್ಯಾಂಕುಗಳಲ್ಲಿ ಒಂದೇ ಬಿಂದುವಿನ ಸುತ್ತ ಅದುರತೊಡಗಿತು. ಬಿಚ್ಚಿ ನೋಡಿದರೆ ಹೋವರ್ ಸ್ಥಾನದಲ್ಲಿ ಕೈಯ ಸ್ಥಾನ ಅಳೆಯುವ ಪೊಟೆನ್ಶಿಯೋಮೀಟರಿನ ಪಟ್ಟಿ ಸವೆದು ಹೊಳೆಯುತ್ತಿತ್ತು. ಈಗ ಅಲ್ಲಿಯೂ ಬ್ರಷ್‌ಲೆಸ್ ಇದೆ, ಮತ್ತು ಲೋಹದ ಕಡ್ಡಿಯ ಬದಲು ಪ್ಲಾಸ್ಟಿಕ್ ಕಡ್ಡಿ ಕಂಪನವನ್ನು ಸರ್ವೋಗೆ ತಲುಪಿಸದೆ ತಡೆಯುತ್ತದೆ. ರಿಸೀವರಿಗೆ ಲೈಫ್‌ಪಿಓ4 ಬ್ಯಾಟರಿಗಳು ಎರಡು, ಎರಡು ಪ್ರತ್ಯೇಕ ಸ್ವಿಚ್‌ಗಳ ಮೂಲಕ. ಮ್ಯಾಗ್ನೆಟೋ ಎಂಜಿನ್ ಬ್ಯಾಟರಿಯನ್ನು ನಂಬಿಕೊಂಡಿಲ್ಲ, ರಿಸೀವರ್ ಸತ್ತರೂ ಅದು ಓಡುತ್ತಲೇ ಇರುತ್ತದೆ. ಆದ್ದರಿಂದ ಫೇಲ್‌ಸೇಫ್‌ನಲ್ಲಿ (ರೇಡಿಯೋ ಸಂಪರ್ಕ ಕಡಿದಾಗ) ಥ್ರಾಟಲ್ ಮುಚ್ಚುವಂತೆ ಇಡುವುದರ ಜೊತೆಗೆ, ಕಾಯಿಲನ್ನು ಅರ್ತ್ ಮಾಡಿ ಎಂಜಿನ್ ನಿಲ್ಲಿಸುವ ಒಂದು ಸ್ವಿಚ್ಚನ್ನು ಬೇರೆ ಚಾನೆಲ್ಲಿಗೆ ಕೊಟ್ಟಿದ್ದೇನೆ.

ಸೈಲೆನ್ಸರಿನಲ್ಲಿ ಹೋದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಕೊಂಡ ಹಗುರ ತಗಡಿನದು ಬೆಸುಗೆಯ ಗೆರೆಯಲ್ಲೇ ಸೀಳಿತು, ಗ್ಯಾಸ್ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲಿ ಸೀಳಿತು. ಎರಡನೆಯದರ ಬೋಲ್ಟುಗಳು ಪ್ರತಿ ಹಾರಾಟದ ಕೊನೆಗೂ ಸಡಿಲವಾಗಿರುತ್ತಿದ್ದವು; ಸಾಮಾನ್ಯ ಥ್ರೆಡ್ ಲಾಕ್ ಆ ಶಾಖಕ್ಕೆ ನಿಲ್ಲುವುದಿಲ್ಲ. ಮೂರನೆಯದು ದಪ್ಪ ಗೋಡೆಯದು, ಹನ್ನೆರಡು ಸಾವಿರದ್ದು, ಇನ್ನೂರು ಗ್ರಾಂ ಹೆಚ್ಚು ತೂಕದ್ದು. ತಾಮ್ರದ ಗ್ಯಾಸ್ಕೆಟ್, ಹಲ್ಲಿರುವ ಜೋಡಿ ವಾಷರ್‌ಗಳು, ಎಂಜಿನ್ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿತ: ಇಷ್ಟಾದ ಮೇಲೆ ಅದು ಅಲುಗಾಡಿಲ್ಲ. ಟ್ಯೂನ್ಡ್ ಪೈಪ್ ಹಾಕಿದರೆ ಶಕ್ತಿ ಹೆಚ್ಚುತ್ತದೆ ನಿಜ, ಮೊದಲ ಯಂತ್ರಕ್ಕೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಇಂಧನದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ನೋಡಲು ನೂರು ಎಂ.ಎಲ್. ಅಳತೆಯ ಗಾಜಿನ ಕೊಳವೆಯಲ್ಲಿ ಹತ್ತು ಎಂ.ಎಲ್. ನೀರು, ತೊಂಬತ್ತು ಎಂ.ಎಲ್. ಪೆಟ್ರೋಲ್ ಹಾಕಿ ಕುಲುಕಿ ಇಟ್ಟೆ. ಎಥನಾಲ್ ನೀರಿಗೆ ಇಳಿದು, ಹತ್ತರಲ್ಲಿದ್ದ ನೀರಿನ ಗೆರೆ 27-28ಕ್ಕೆ ಬಂದಿತ್ತು. ಅಂದರೆ ಪೂರ್ತಿ ಇ20 (ಶೇಕಡ ಇಪ್ಪತ್ತು ಎಥನಾಲ್). ಅದರಲ್ಲಿ ಓಡಿಸಲು ಅಡ್ಡಿಯಿಲ್ಲ, ಕಾರ್ಬ್ಯುರೇಟರಿನ ಎಚ್ ಸೂಜಿಯನ್ನು (ಹೆಚ್ಚು ವೇಗದಲ್ಲಿ ಪೆಟ್ರೋಲ್ ಎಷ್ಟೆಂದು ಹೊಂದಿಸುವ ತಿರುಪು) ಸುತ್ತಿನ ಎಂಟನೇ ಒಂದು ಭಾಗದಷ್ಟು ಹೆಚ್ಚು ತೆರೆಯಬೇಕು. ಆದರೆ ಟ್ಯಾಂಕಿನಲ್ಲಿ ಉಳಿಸಿ ಎರಡು ವಾರ ಬಿಟ್ಟರೆ ಡಯಾಫ್ರಮ್ ಗಟ್ಟಿಯಾಗಿ ಎಂಜಿನ್ ಐಡಲ್‌ನಲ್ಲೇ ಸಾಯುತ್ತದೆ. ಅದೇ ನೀರಿನ ಉಪಾಯದಿಂದ ಒಂದು ಕ್ಯಾನ್ ಪೆಟ್ರೋಲನ್ನು ತೊಳೆದು ಎಥನಾಲ್ ತೆಗೆದದ್ದೂ ಉಂಟು. ಉಳಿದ ನೀರಿನ ಹನಿಗಳು ಕಾರ್ಬ್ಯುರೇಟರಿಗೆ ಹೋಗಿ ಎಂಜಿನ್ ಕೆಮ್ಮಿದ್ದರಿಂದ ಅದನ್ನು ಯಾರಿಗೂ ಹೇಳಲಾರೆ. ಈಗ ಬೆಂಗಳೂರಿಗೆ ಹೋದಾಗ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ತರುತ್ತೇನೆ. ನನ್ನ ಕೊಳವೆಯಲ್ಲಿ ಅದಕ್ಕೆ ನೀರಿನ ಗೆರೆ ಮೇಲೇರಲಿಲ್ಲ. ಲೀಟರಿಗೆ 160 ರೂಪಾಯಿಯ ಆಸುಪಾಸು ಬೀಳುತ್ತದೆ. ಇಪ್ಪತ್ತು ನಿಮಿಷಕ್ಕೆ ನಾನೂರು ಎಂ.ಎಲ್. ಎಂದರೆ ಎಣ್ಣೆ ಸೇರಿ ನೂರು ರೂಪಾಯಿಯೊಳಗೇ ಮುಗಿಯುತ್ತದೆ. ನೈಟ್ರೋ ಇಂಧನದಲ್ಲಿ ಅಷ್ಟು ಹೊತ್ತು ಹಾರಿಸಿದವರಿಗೆ ವ್ಯತ್ಯಾಸ ವಿವರಿಸಬೇಕಿಲ್ಲ. ಎಣ್ಣೆ ಪೂರ್ಣ ಸಿಂಥೆಟಿಕ್, ಹೊಸ ಎಂಜಿನ್ ಪಳಗಿಸುವಾಗ ಲೀಟರಿಗೆ 40 ಎಂ.ಎಲ್., ಆಮೇಲೆ 31. ಸಿಲಿಕೋನ್ ಕೊಳವೆ ಪೆಟ್ರೋಲಿನಲ್ಲಿ ಉಬ್ಬಿ ಕಳಚಿಕೊಳ್ಳುವುದರಿಂದ ಟ್ಯಾಂಕಿನ ಒಳಗೂ ಹೊರಗೂ ಹಳದಿ ಟೈಗಾನ್ ಕೊಳವೆಯೇ ಇರಬೇಕು.

ಎಲ್ಲ ಸೇರಿ, ನನ್ನಲ್ಲಿದ್ದ ರೇಡಿಯೋ ಬಿಟ್ಟು, ಒಂದು ಲಕ್ಷದ ಎಂಬತ್ತು ಸಾವಿರದ ಹತ್ತಿರ ಆಯಿತು. ಅದರಲ್ಲಿ ಸುಂಕ, ಸಾಗಣೆ ಸೇರಿ ಎಂಜಿನ್ನಿಗೆ ಮೂವತ್ತೆಂಟು, ಸರ್ವೋಗಳಿಗೆ ಮೂವತ್ತು, ಜೈರೋಗೆ ಇಪ್ಪತ್ತೆರಡು, 690 ಮಿ.ಮೀ. ಉದ್ದದ ಬ್ಲೇಡುಗಳಿಗೆ ಒಂಬತ್ತು ಸಾವಿರ; ಮುರಿದ ಮತ್ತು ಸೀಳಿದ ವಸ್ತುಗಳಿಗೆ ಹೋದದ್ದನ್ನು ಮನೆಯಲ್ಲಿ ಬೇರೆ ಲೆಕ್ಕ ಹೇಳಿದ್ದೇನೆ. ಎಲೆಕ್ಟ್ರಿಕ್ ಯಂತ್ರದಲ್ಲಿ ಆರು ನಿಮಿಷ ಹಾರಿಸುವ 12ಎಸ್ (ಹನ್ನೆರಡು ಸೆಲ್ಲಿನ) ಬ್ಯಾಟರಿಯ ಜೋಡಿಗೇ ಇಪ್ಪತ್ತೈದು ಸಾವಿರ ಕೊಡುವವರು ಈ ಮೊತ್ತಕ್ಕೆ ಬೆಚ್ಚಬೇಕಾಗಿಲ್ಲ. ಯಂತ್ರದ ತೂಕ ಇಂಧನ ಸೇರಿ ಆರು ಕಿಲೋಗೂ ಸ್ವಲ್ಪ ಹೆಚ್ಚು, ಅಂದರೆ 2021ರ ಡ್ರೋನ್ ನಿಯಮಗಳು ಮಾಡೆಲ್‌ಗೆ ಹಾಕಿರುವ 25 ಕಿಲೋ ಮಿತಿಯೊಳಗೇ ಇದೆ. ಶಿವಮೊಗ್ಗದ ಬಳಿ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ನಾವು ಹಳೆಯ ಮೈದಾನ ಬಿಟ್ಟು ಶಿಕಾರಿಪುರದ ಕಡೆಯ ಬಯಲಿಗೆ ಹೋಗುತ್ತಿದ್ದೇವೆ.

ಎಂಜಿನ್ ತರಿಸುವವರು ಅದೇ ಪೊಟ್ಟಣದಲ್ಲಿ ಎರಡು ಜೊತೆ ಡಯಾಫ್ರಮ್ ಕಿಟ್, ಎನ್‌ಜಿಕೆ ಸಿಎಂಆರ್7ಎಚ್ ಪ್ಲಗ್ ಎರಡು, ಕ್ಲಚ್ ಲೈನಿಂಗ್ ಒಂದು, ಹಗ್ಗದ ಸ್ಟಾರ್ಟರಿನ ಸ್ಪ್ರಿಂಗ್ ಒಂದು ತರಿಸಿಕೊಳ್ಳುವುದು ಲೇಸು. ಊರಿನ ಅಂಗಡಿಯ ಡಯಾಫ್ರಮ್ ಮುನ್ನೂರು ರೂಪಾಯಿಗೆ ಸಿಗುತ್ತದೆ, ಕೂರುತ್ತದೆ, ಹೋವರ್‌ಗೆ ಸಾಕಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಹೋಗುತ್ತದೆ.